ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ಅಜ್ಜಿ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ನಗೋದಕ್ಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಸ್ಕೂಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು ನಮ್ಮ ಬಾಗಿಲಿಗೆ ಬರುತ್ತದೆ.

ನಾನು ಶೆಟ್ಟಿಹಳ್ಳಿಯಲ್ಲಿ ಅಂಗಡಿ ತೆರೆದದ್ದು ಎರಡು ಸಾವಿರದ ಒಂಬತ್ತರಲ್ಲಿ. ಅದಕ್ಕೆ ಮೊದಲು ಯಶವಂತಪುರದ ಒಂದು ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಬಿಲ್ ಬರೆಯುತ್ತಲೇ ಪಕ್ಕದ ಟೇಬಲ್ಲಿನವರು ಏನು ಬಿಚ್ಚುತ್ತಾರೆ, ಏನು ಜೋಡಿಸುತ್ತಾರೆ ಅಂತ ನೋಡಿ ನೋಡಿ ಕೆಲಸ ಕಲಿತೆ. ಸ್ವಂತ ಅಂಗಡಿ ಅಂತ ಮಳಿಗೆ ಕೇಳಲು ಹೋದಾಗ ಬಿಲ್ಡಿಂಗ್ ಓನರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಊರಿನ ಹಳೇ ಮನೆತನದವರು, ರಾಗಿ ಹೊಲ ಇದ್ದ ಜಾಗದಲ್ಲಿ ಬಿಲ್ಡಿಂಗ್ ಎಬ್ಬಿಸಿದ್ದರು. ಎಲ್ಲರಿಗೂ ಅವರು ಗೌಡ್ರು.

"ಹೆಣ್ಮಗಳು ಕಂಪ್ಯೂಟರ್ ಬಿಚ್ತೀನಿ ಅಂದ್ರೆ ಯಾರಮ್ಮಾ ಬರ್ತಾರೆ? ಒಂದು ವರ್ಷ ನೋಡ್ತೀನಿ. ನಡೀಲಿಲ್ಲ ಅಂದ್ರೆ ನಮ್ಮ ಬಾಮೈದ ಬೇಕರಿ ಇಡ್ತೀನಿ ಅಂತ ಕಾಯ್ತಾ ಕೂತವ್ನೆ" ಅಂದರು.

ಅಂಗಡಿ ಹೋದರೆ ಮತ್ತೆ ಬಿಲ್ ಬರೆಯೋ ಟೇಬಲ್ಲೇ ಗತಿ ಅಂತ ಗೊತ್ತಿದ್ದರೂ ಆಗಲಿ ಅಂದೆ.

ಮೆಕ್ಯಾನಿಕ್ ಎಲ್ಲಿ?

ಮೊದಲ ವಾರ ಬಂದವರು ಒಬ್ಬ ರಿಟೈರ್ಡ್ ಯಜಮಾನರು. ದೊಡ್ಡ ಡಬ್ಬದಂಥ ಹಳೇ ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದರು.

"ಮೆಕ್ಯಾನಿಕ್ ಇಲ್ವೇನಮ್ಮಾ?"

"ಹೇಳಿ ಸಾರ್, ಏನಾಗಿದೆ?"

"ಕಂಪ್ಯೂಟರ್ ಆನ್ ಆಗ್ತಿಲ್ಲ. ಇಗೋ, ತಂದಿದೀನಿ."

ಇದು ಬರೀ ಮುಖ ಸಾರ್, ಮೈ ಮನೆಯಲ್ಲೇ ಉಳಿದಿದೆ ಅಂತ ವಿವರಿಸಿದೆ. ಟೇಬಲ್ ಕೆಳಗೆ ಒಂದು ಪೆಟ್ಟಿಗೆ ಇರುತ್ತಲ್ಲ, ಸಿಪಿಯು, ಅದನ್ನು ತನ್ನಿ ಅಂದೆ. ಮಾರನೇ ದಿನ ಪೆಟ್ಟಿಗೆ ತಂದರು. ಅದು ಯುಪಿಎಸ್! ಕರೆಂಟ್ ಹೋದಾಗ ಕುಯ್ಯೋ ಅನ್ನೋದು ಸಾರ್ ಇದು ಅಂದಾಗ, "ಹೌದಾ? ಭಾರ ಇತ್ತು, ಎಲ್ಲಾ ಇದರೊಳಗೇ ಇರುತ್ತೆ ಅಂದ್ಕೊಂಡೆ" ಅಂದರು. ಕೊನೆಗೂ ಸಿಪಿಯು ಬಂತು. ಒಳಗೆ ಮದರ್‌ಬೋರ್ಡಿಗೆ ಕರೆಂಟ್ ಕೊಡುವ ದಪ್ಪ ಕನೆಕ್ಟರ್ ಅರ್ಧ ಹೊರಗೆ ಬಂದಿತ್ತು. ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿದೆ. ಅವರ ಕಣ್ಣೆದುರೇ ಆನ್ ಮಾಡಿ, ಕಿಟಕಿ ಬಾಗಿಲು ತೆರೆದ ಹಾಗೆ ಎಲ್ಲ ತೋರಿಸಿ, ಆಫ್ ಮಾಡಿ ಕೊಟ್ಟೆ.

ಯಜಮಾನರು ಸಂತೋಷವಾಗಿ ಕೈ ಮುಗಿದರು. ಮೆಟ್ಟಿಲು ಇಳಿಯುತ್ತಾ ತಿರುಗಿ ಹೇಳಿದರು: "ಬಹಳ ಉಪಕಾರ ಆಯ್ತಮ್ಮಾ. ಮೆಕ್ಯಾನಿಕ್ ಬಂದ್ಮೇಲೆ ಅವ್ನಿಗೂ ಒಂದ್ಸಲ ತೋರಿಸ್ಬಿಡು."

ರಬ್ಬರ್ ಹಾಕಿ ಉಜ್ಜಿದ್ದು

ಆ ಕಾಲದಲ್ಲಿ ಕಂಪ್ಯೂಟರಿಗೆ ಸಾಮಾನ್ಯವಾಗಿ ಬರುತ್ತಿದ್ದ ಕಾಯಿಲೆ ಒಂದೇ. ಆನ್ ಮಾಡಿದರೆ ಬೀಪ್ ಬೀಪ್ ಅಂತ ಕೂಗುವುದು, ಪರದೆ ಮಾತ್ರ ಕಪ್ಪಗಿರುವುದು. ಮದ್ದೂ ಒಂದೇ. ರ‍್ಯಾಮ್ ಅನ್ನುವ ಪಟ್ಟಿಯನ್ನು ಹೊರಗೆ ತೆಗೆದು, ಅದರ ಅಂಚಿನಲ್ಲಿರುವ ಚಿನ್ನದ ಬಣ್ಣದ ಹಲ್ಲುಗಳನ್ನು ಸ್ಕೂಲ್ ಮಕ್ಕಳ ರಬ್ಬರಿನಲ್ಲಿ ಉಜ್ಜಿ ಮತ್ತೆ ಸಿಕ್ಕಿಸುವುದು. ನೂರಕ್ಕೆ ತೊಂಬತ್ತು ಎದ್ದು ಕೂರುತ್ತಿದ್ದವು.

ಒಂದು ದಿನ ನಾಗಸಂದ್ರದ ಕಡೆಯಿಂದ ಬಂದ ಒಬ್ಬರ ಕಂಪ್ಯೂಟರಿಗೆ ಹೀಗೇ ಉಜ್ಜುತ್ತಿದ್ದೆ. ಅವರು ಎದ್ದು ಬಂದು ನನ್ನ ಕೈಯನ್ನೇ ಹಿಡಿದುಕೊಂಡರು.

"ಮೇಡಂ, ಏನ್ ಮಾಡ್ತಾ ಇದೀರ? ಒಳಗೆ ನಮ್ಮ ಗೃಹಪ್ರವೇಶದ ಫೋಟೋ ಎಲ್ಲಾ ಐತೆ! ಅಳಿಸಿಹೋಗಲ್ವಾ?"

ಫೋಟೋ ಇರುವುದು ಹಾರ್ಡ್‌ಡಿಸ್ಕಿನಲ್ಲಿ, ಇದು ಬೇರೆ ಅಂತ ಎಷ್ಟು ಹೇಳಿದರೂ ಅವರ ಮುಖದ ಗಾಬರಿ ಹೋಗಲಿಲ್ಲ. ಜೋಡಿಸಿ ಆನ್ ಮಾಡಿ ಫೋಟೋ ತೆರೆದು ತೋರಿಸಿದೆ. ಹಾಲು ಉಕ್ಕಿದ್ದು, ಹೋಮ, ಊಟದ ಪಂಕ್ತಿ, ಎಲ್ಲ ಇತ್ತು. ಅವರು ಒಂದೊಂದೇ ನೋಡುತ್ತಾ ಹೋದರು. ಆಮೇಲೆ ಯಾಕೋ ಮುಖ ಸಣ್ಣದಾಯಿತು. ಯಾವ ಫೋಟೋ ತೆಗೆದರೂ ಒಬ್ಬರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮುಂದೆ ನಿಂತಿದ್ದರು.

"ನಮ್ಮ ಷಡ್ಡಕ" ಅಂದರು. ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ಆ ರಬ್ಬರಲ್ಲಿ ಇನ್ನೊಂದು ಸ್ವಲ್ಪ ಜೋರಾಗಿ ಉಜ್ಜಿದ್ರೆ ಇವನೊಬ್ಬ ಹೋಗಲ್ವಾ?"

ನಡುಗುತ್ತಿದ್ದ ಪೆಟ್ಟಿಗೆ

ಗೌಡ್ರ ಮನೆ ನನ್ನ ಅಂಗಡಿಯ ಮೇಲೇ ಇತ್ತು. ಅವರಿಗೂ ಒಂದು ಕಂಪ್ಯೂಟರ್. ಡಿಸೆಂಬರ್ ಚಳಿಯಲ್ಲಿ ಒಂದು ದಿನ ಕರೆ ಬಂತು: ಆನ್ ಮಾಡಿದ ಸ್ವಲ್ಪ ಹೊತ್ತಿಗೇ ತಾನೇ ಆಫ್ ಆಗುತ್ತದೆ.

ಹೋಗಿ ನೋಡಿದರೆ ಸಿಪಿಯು ಕಾಣುತ್ತಲೇ ಇಲ್ಲ. ಅದರ ಮೇಲೆ ದುಪ್ಪಟಿ, ದುಪ್ಪಟಿ ಮೇಲೆ ಗೋಣಿಚೀಲ, ಸುತ್ತ ಸೀರೆಯ ಅಂಚಿನಿಂದ ಬಿಗಿದ ಕಟ್ಟು. ಪಕ್ಕದಲ್ಲಿ ಗೌಡ್ರ ತಾಯಿ, ಎಲೆ ಅಡಿಕೆ ಮೆಲ್ಲುತ್ತಾ ಕಾವಲು ಕೂತಿದ್ದರು. ಎಂಬತ್ತರ ಆಸುಪಾಸಿನ ಅಜ್ಜಿ.

"ಇದ್ಯಾಕಜ್ಜಿ ಹೀಗೆ ಮುಚ್ಚಿದೀರ?"

"ಕೈ ಇಟ್ ನೋಡ್ದೆ ಕಣವ್ವಾ, ಗಡಗಡಾ ಅಂತ ನಡುಗ್ತಿತ್ತು. ಚಳಿಗೆ ನಮ್ ಕರೀನೂ ಇಂಗೇ ನಡುಗ್ತಿತ್ತು, ಗೋಣಿ ಕಟ್ಟಿದ್ಮೇಲೆ ಸರಿಹೋಯ್ತು."

ಕರಿ ಅಂದರೆ ಅವರು ಹಿಂದೆ ಸಾಕಿದ್ದ ಎಮ್ಮೆ.

ಒಳಗೆ ಫ್ಯಾನ್ ತಿರುಗುವುದರಿಂದ ನಡುಕ ಬರುತ್ತದೆ, ಅದಕ್ಕೆ ಚಳಿ ಅಲ್ಲ, ಸೆಕೆ ಅಂತ ತಿಳಿಸಿ ದುಪ್ಪಟಿ ಬಿಚ್ಚಿದೆ. ಪೆಟ್ಟಿಗೆ ದೋಸೆ ಹೆಂಚಿನ ಹಾಗೆ ಕಾದಿತ್ತು. ಅಜ್ಜಿ ಮುಟ್ಟಿ ನೋಡಿ ಹೌಹಾರಿದರು. ಅಷ್ಟಕ್ಕೆ ಮುಗಿಯಿತು ಅಂದುಕೊಂಡು ಕೆಳಗಿಳಿದೆ. ಸಂಜೆ ಗೌಡ್ರು ಓಡಿ ಬಂದರು.

"ಬೇಗ ಬಾಮ್ಮಾ, ನಮ್ಮವ್ವ ಒದ್ದೆ ಟವಲ್ ಹಿಂಡ್ತಾ ಅವ್ಳೆ!"

ಮೆಟ್ಟಿಲ ಮೇಲಿನ ಪಾಠ

ಅಂದಿನಿಂದ ಅಜ್ಜಿ ಮಧ್ಯಾಹ್ನವಾದರೆ ನನ್ನ ಅಂಗಡಿ ಮೆಟ್ಟಿಲ ಮೇಲೆ ಬಂದು ಕೂರಲು ಶುರು ಮಾಡಿದರು. ಕೈಯಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ಪ್ರಶ್ನೆ. ಇದೇನು? ಅದೇನು? ಗಿರಾಕಿ ಕಡಿಮೆ ಇದ್ದ ದಿನಗಳು. ಅವರು ಕೂತಿರುತ್ತಿದ್ದದ್ದೇ ನನಗೆ ದೊಡ್ಡ ಧೈರ್ಯ.

ಸಿಪಿಯು ಹಿಂಭಾಗ ತೋರಿಸಿ, ನೇರಳೆ ಬಣ್ಣದ ತೂತು ಕೀಬೋರ್ಡಿಗೆ, ಹಸಿರು ಬಣ್ಣದ್ದು ಮೌಸಿಗೆ, ನೀಲಿ ಬಣ್ಣದ ಅಗಲ ಬಾಯಿ ಮಾನಿಟರಿಗೆ ಅಂತ ಹೇಳಿಕೊಟ್ಟೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ ಅಂದೆ.

"ಕೊಟ್ಟಿಗೇಲಿ ದನ ತಂತಮ್ ಗೂಟಕ್ಕೇ ಓಗಿ ನಿಂತ್ಕತವಲ್ಲ, ಅಂಗೆ" ಅಂದರು ಅಜ್ಜಿ. ನಾನು ಆರು ತಿಂಗಳು ಕಲಿತದ್ದು ಅವರಿಗೆ ಒಂದು ಮಾತಿಗೆ ಮುಗಿದಿತ್ತು.

ಇನ್ನೊಂದು ದಿನ ಮದರ್‌ಬೋರ್ಡಿನ ಮೇಲಿರುವ ಬಟನ್ ಸೆಲ್ ಬದಲಾಯಿಸುತ್ತಿದ್ದೆ. ನಾಣ್ಯದಂತೆ ದುಂಡಗೆ, ಬೆಳ್ಳಗೆ ಇರುತ್ತದೆ. ತಲೆಯಿಂದ ಹೇರ್‌ಪಿನ್ ತೆಗೆದು ಪಕ್ಕದ ಕ್ಲಿಪ್ ಒತ್ತಿದೆ, ಸೆಲ್ ಚಂಗನೆ ಮೇಲೆದ್ದಿತು.

"ಇದ್ಯಾತಕ್ಕವ್ವಾ?"

"ಇದಿಲ್ಲ ಅಂದ್ರೆ ಕಂಪ್ಯೂಟರಿಗೆ ಇವತ್ತು ಯಾವ ದಿನ ಅನ್ನೋದೇ ಮರೆತುಹೋಗುತ್ತೆ ಅಜ್ಜಿ. ಹಳೇ ಕಾಲಕ್ಕೆ ಹೋಗಿ ಕೂತ್ಬಿಡುತ್ತೆ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ನಿಟ್ಟುಸಿರು ಬಿಟ್ಟರು. "ನಮ್ ಯಜಮಾನ್ರಿಗೂ ಕೊನೇಗಾಲ್ದಲ್ಲಿ ಇಂಗೇ ಆಗಿತ್ತು ಕಣವ್ವಾ. ಆ ಡಾಕ್ಟ್ರು ಸೆಲ್ ಇಸ್ಯ ಏಳ್ಲೇ ಇಲ್ಲ ನೋಡು."

ಖಾಲಿ ಮಾಡುವ ನೋಟೀಸು

ವರ್ಷ ತುಂಬುತ್ತಾ ಬಂತು. ಗಿರಾಕಿಗಳು ಬರುತ್ತಿದ್ದರು, ಆದರೆ ಗೌಡ್ರ ಕಣ್ಣಿಗೆ ಸಾಲುವಷ್ಟು ಅಲ್ಲ. ಬಾಮೈದ ಒಂದು ದಿನ ಟೇಪ್ ಹಿಡಿದು ಬಂದು, ನಾನಿನ್ನೂ ಒಳಗೆ ಕೂತಿರುವಾಗಲೇ ಗೋಡೆ ಅಳೆದು, "ಓವನ್ನು ಇಲ್ಲಿ, ಪಫ್ಸ್ ಶೋಕೇಸು ಅಲ್ಲಿ" ಅಂತ ತನಗೆ ತಾನೇ ಹೇಳಿಕೊಂಡು ಹೋದ. ಅವನು ತೋರಿಸಿದ ಓವನ್ನಿನ ಜಾಗದಲ್ಲಿ ನಾನಿದ್ದೆ.

ದಸರಾ ಹತ್ತಿರ ಬಂದಾಗ ಗೌಡ್ರ ಕೆಲಸದವನು ನೋಟೀಸು ತಂದುಕೊಟ್ಟ. ಗೌಡ್ರು ತಮ್ಮ ಕಂಪ್ಯೂಟರಿನಲ್ಲೇ ಮಾಡಿದ್ದು. ಆ ಪತ್ರದ ನಮೂನೆಯನ್ನು, ತಾರೀಕು ತಾನೇ ಬೀಳುವ ಹಾಗೆ, ಹಿಂದೊಮ್ಮೆ ಜೋಡಿಸಿಕೊಟ್ಟವಳು ನಾನೇ. ಈ ತಾರೀಕಿನಿಂದ ಒಂದು ತಿಂಗಳೊಳಗೆ ಮಳಿಗೆ ಖಾಲಿ ಮಾಡಿಕೊಡಬೇಕು ಅಂತ ಇತ್ತು. ಮೇಲೆ ತಾರೀಕು ನೋಡಿದೆ. ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು.

ಅಳು ಬರುತ್ತಿದ್ದದ್ದು ನಗುವಾಗಿ ಹೊರಗೆ ಬಂತು. ಕಾಗದ ಹಿಡಿದು ಮೇಲೆ ಹೋದೆ. ಗೌಡ್ರು ತಾವೇ ಗೋಳು ಹೇಳಿಕೊಂಡರು. "ದಿನಾ ಬೆಳಿಗ್ಗೆ ಏನೋ ಇಂಗ್ಲಿಷಲ್ಲಿ ಬೈಯ್ತದೆ ಕಣಮ್ಮಾ. ಒಂದು ಬಟನ್ ಒತ್ತು ಅಂತದೆ, ಒತ್ತಿದ್ರೆ ಮುಂದಕ್ಕೋಗ್ತದೆ."

ಬಿಚ್ಚಿದೆ. ಸೆಲ್ ಇರಬೇಕಾದ ಗೂಡು ಬರಿದಾಗಿತ್ತು. ಇಲಿ ವೈರು ಕಡಿಯುವುದು ಕಂಡಿದ್ದೆ, ಸೆಲ್ ನುಂಗುವುದು ಕಂಡಿರಲಿಲ್ಲ. ಹೊಸ ಸೆಲ್ ಹಾಕಿದೆ, ತಾರೀಕು ಸರಿ ಮಾಡಿದೆ. ಗೌಡ್ರು ಅದೇ ನೋಟೀಸನ್ನು ಹೊಸ ತಾರೀಕಿನೊಂದಿಗೆ ಮತ್ತೆ ಪ್ರಿಂಟ್ ಹಾಕಿ, ಸ್ವಲ್ಪ ಮುಜುಗರದಿಂದಲೇ ನನ್ನ ಕೈಗಿಟ್ಟರು. ಅಜ್ಜಿ ಮೂಲೆಯಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಯಾಕೆ ಅಂತ ಆಗ ಹೊಳೆಯಲಿಲ್ಲ.

ಮೊದಲ ನೋಟೀಸು ಇನ್ನೂ ನನ್ನ ಹತ್ತಿರ ಇದೆ. ಅದರ ಪ್ರಕಾರ, ಆ ಬಿಲ್ಡಿಂಗ್ ಕಟ್ಟುವುದಕ್ಕೆ ಮೊದಲೇ, ಅಲ್ಲಿ ರಾಗಿ ಬೆಳೆಯುತ್ತಿದ್ದಾಗಲೇ ನಾನು ಖಾಲಿ ಮಾಡಿರಬೇಕಿತ್ತು!

ಆರತಿ ತಟ್ಟೆ

ಆಯುಧಪೂಜೆಯ ದಿನ. ಗೌಡ್ರ ಟ್ರ್ಯಾಕ್ಟರು, ಕಾರು, ಬೈಕು ಎಲ್ಲ ಸ್ನಾನ ಮಾಡಿ ಬಾಳೆಕಂದು ಕಟ್ಟಿಸಿಕೊಂಡು ಬೀದಿಯಲ್ಲಿ ನಿಂತಿದ್ದವು. ಕಂಪ್ಯೂಟರನ್ನೂ ಕೆಳಗೆ ತಂದು ಮಣೆ ಮೇಲೆ ಕೂರಿಸಿದ್ದರು. ನನ್ನ ಸ್ಕ್ರೂಡ್ರೈವರುಗಳಿಗೂ ಅದೇ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಇದೇ ಇಲ್ಲಿ ನನ್ನ ಕೊನೇ ಪೂಜೆ ಅಂತ ಮನಸ್ಸು ಭಾರವಾಗಿತ್ತು. ಬಾಮೈದ ಮಾತ್ರ ಬೂದುಗುಂಬಳಕಾಯಿ ಹಿಡಿದು, ತನ್ನ ಮುಂದಿನ ಬೇಕರಿ ಬಾಗಿಲಿಗೆ ಒಡೆಯಲು ತುದಿಗಾಲಲ್ಲಿ ನಿಂತಿದ್ದ.

ಅಜ್ಜಿ ಆರತಿ ತಟ್ಟೆ ಹಿಡಿದರು. ಕುಂಕುಮದ ಕೆಂಪು ನೀರಿಗೆ ಒಂದು ನಾಣ್ಯ ಹಾಕಬೇಕು. ಎಲೆಅಡಿಕೆ ಚೀಲದೊಳಗೆ ಕೈ ಹಾಕಿ ತಡಕಾಡಿ, ದುಂಡಗೆ ಸಿಕ್ಕಿದ್ದನ್ನು ತಟ್ಟೆಗೆ ಬಿಟ್ಟರು. ಎಲ್ಲ ಗಾಡಿಗೂ ಆರತಿಯಾಯಿತು. ಆರತಿಯ ನಾಣ್ಯವನ್ನು ವರ್ಷವಿಡೀ ದೇವರ ಮುಂದೆ ಇಡುವುದು ಆ ಮನೆಯ ಪದ್ಧತಿ. ನೀರು ಚೆಲ್ಲುವ ಮೊದಲು ಗೌಡ್ರು ಬೆರಳು ಅದ್ದಿ ನಾಣ್ಯ ತೆಗೆದು, ಒರೆಸಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ನೋಡಿದರು.

"ಇದ್ಯಾವ ದೇಶದ ಕಾಸವ್ವಾ? ಸಿಂಹಾನೂ ಇಲ್ಲ, ಏನೂ ಇಲ್ಲ. ಒಂದು ಪ್ಲಸ್ ಮಾರ್ಕ್ ಐತೆ."

ನಾನು ಬಗ್ಗಿ ನೋಡಿದೆ. "ಗೌಡ್ರೇ, ಅದು ನಿಮ್ಮ ಕಂಪ್ಯೂಟರ್ ಸೆಲ್ಲು."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಒಂಚೂರೂ ಅಳುಕಲಿಲ್ಲ. ತುರುಬಿನ ಹೇರ್‌ಪಿನ್ ಸರಿ ಮಾಡಿಕೊಂಡರು.

"ಊಂ, ನಾನೇ ಕಿತ್ತೆ. ಇವ್ಳನ್ನ ಕಳ್ಸೋ ದಿನ ಅದ್ಕೆ ಮರ್ತೋಗ್ಲಿ ಅಂತ ಕಿತ್ತೆ. ಈ ಪೆದ್ದು ಮುಂಡೇದು ಬಂದು ಇನ್ನೊಂದ್ ಆಕ್ಬುಡ್ತು!"

"ಅಲ್ಲವ್ವಾ, ನನ್ಗೇ ಒಂದ್ ಮಾತ್ ಹೇಳ್ಬೋದಿತ್ತಲ್ಲ?"

"ಏಳ್ಲಿಲ್ವಾ? ದಿನಾ ಊಟಕ್ಕಿಕ್ಕೋವಾಗ ಏಳ್ದೆ. ನೀನ್ ಕೇಳಿಸ್ಕಂಡ್ಯಾ? ಅದ್ಕೇ ನಿನ್ ಕಂಪ್ಯೂಟ್ರಿಗೇ ಏಳ್ದೆ."

ಗೌಡ್ರು ಕೈಯಲ್ಲಿದ್ದ ಸೆಲ್ಲನ್ನೂ ಅವ್ವನ ಮುಖವನ್ನೂ ನೋಡುತ್ತಾ ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ನಗು ನಿಲ್ಲಿಸಿ ಬಾಮೈದನಿಗೆ, "ಒಡಿಯೋ ಕುಂಬಳಕಾಯ್ನ. ಆ ಹುಡುಗಿ ಅಂಗಡಿ ಬಾಗಿಲಿಗೇ ಒಡಿ. ಇವ್ಳನ್ನ ಕಳಿಸಿದ್ರೆ ನಮ್ಮವ್ವ ನಾಳೆ ಟ್ರ್ಯಾಕ್ಟರ್ ಬಿಚ್ತಾಳೆ" ಅಂದರು. ಪಾಪ, ಬಾಮೈದ ನನ್ನ ದೃಷ್ಟಿ ತೆಗೆದು ತನ್ನ ಕೈಯಾರೆ ಒಡೆದ. ಆಮೇಲೆ ಅವನು ಮಾಕಳಿಯಲ್ಲಿ ಬೇಕರಿ ಇಟ್ಟ. ಪಫ್ಸ್ ಚೆನ್ನಾಗಿರುತ್ತಿತ್ತು, ಸುಳ್ಳು ಹೇಳಬಾರದು.

ನಾನು ಅಲ್ಲೇ ಬೀದಿಯಲ್ಲಿ ಅಜ್ಜಿಯ ಕಾಲಿಗೆ ಬಿದ್ದೆ. ಆ ಅಂಗಡಿ ನನ್ನ ಅನ್ನ. ಅದನ್ನು ಉಳಿಸಿಕೊಟ್ಟದ್ದು ಒಂದು ಹೇರ್‌ಪಿನ್ ಹಿಡಿದ ಆ ಅಜ್ಜಿ. ಆ ಋಣ ತೀರಿಸುವ ದಾರಿ ನನಗಿನ್ನೂ ಗೊತ್ತಿಲ್ಲ.

ಎದ್ದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಆಟೋದಿಂದ ಒಬ್ಬರು ಸಿಪಿಯು ಎತ್ತಿಕೊಂಡು ಇಳಿದರು. ನನ್ನನ್ನು ದಾಟಿ ಅಂಗಡಿಯೊಳಗೆ ಇಣುಕಿ ನೋಡಿ, "ಮೆಕ್ಯಾನಿಕ್ ಎಲ್ಲಿ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮೆಟ್ಟಿಲ ಮೇಲೆ ತಮ್ಮ ಜಾಗದಲ್ಲಿ ಕೂತು, ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರುತ್ತಾ ಹೇಳಿದರು:

"ಮೆಕಾನಿಕ್ಕು ಇವ್ಳೇ ಕಣಪ್ಪಾ. ಸೆಲ್ಲು ಗಿಲ್ಲು ಕೀಳೋದಿದ್ರೆ ನನ್ ಕೇಳು."