ಸೊರಬದ ಬುದ್ಧಿ, ಶಿಕಾರಿಪುರದ ಬುದ್ಧಿ

ನನಗೆ ಎಷ್ಟು ಬುದ್ಧಿಯಿದೆ ಎಂದು ಮದುವೆಯಾದ ಮೇಲೆ ನಾನಾಗಿ ಕೇಳಿಕೊಂಡವನಲ್ಲ. ಉತ್ತರ ಮನೆಯಲ್ಲಿ ದಿನವೂ ಸಿಗುತ್ತದೆ. ಆದರೆ ತೊಂಬತ್ತರ ದಶಕದಲ್ಲೊಮ್ಮೆ ಅದು ಅಂಕಿಯಾಗಿ ಸಿಕ್ಕಿತು. ಶಿಕಾರಿಪುರದಲ್ಲಿ ನಡೆದ ಮೇಷ್ಟ್ರುಗಳ ತರಬೇತಿಯಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬುದ್ಧಿಶಕ್ತಿಯ ಪರೀಕ್ಷೆ ಮಾಡಿದರು. ನನಗೆ ಬಂದದ್ದು ತೊಂಬತ್ತೆಂಟು. ನೂರಕ್ಕೆ ತೊಂಬತ್ತೆಂಟು ಎಂದುಕೊಂಡು ನನ್ನ ಹೆಂಡತಿ ಗಿರಿಜೆ ಕೇಸರಿಬಾತ್ ಮಾಡಿದಳು. ಈ ಪರೀಕ್ಷೆಯಲ್ಲಿ ನೂರೆಂದರೆ ಬರೀ ಸರಾಸರಿ ಎಂದು ತಿದ್ದಲು ಹೋದರೆ ಕೇಸರಿಬಾತ್ ಆರಿಹೋಗುತ್ತದೆಂದು ನಾನೂ ಸುಮ್ಮನೆ ತಿಂದೆ.

ಅಷ್ಟರಲ್ಲಿ ಸೊರಬದಿಂದ ಸುದ್ದಿ ಬಂತು. ಅಲ್ಲಿ ಮೇಷ್ಟ್ರಾಗಿರುವ ನನ್ನ ಷಡ್ಡಕ ಶಿವಣ್ಣನಿಗೆ ಅಲ್ಲಿಯ ತರಬೇತಿಯಲ್ಲಿ ನೂರಿಪ್ಪತ್ತನಾಲ್ಕು! ನೂರು ದಾಟಬಹುದೆಂದೇ ಗಿರಿಜೆಗೆ ಗೊತ್ತಿರಲಿಲ್ಲ. ಸುದ್ದಿ ಶಿರಾಳಕೊಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವ ಮಾವನವರನ್ನೂ ಮುಟ್ಟಿತು. ಏನೇ ಇದ್ದರೂ ಹಿರಿಯಳಿಯನಾದ ನನ್ನನ್ನೇ ಕೇಳುತ್ತಿದ್ದವರು, ಕಿರಿಮಗಳಿಗೆ ಗಂಡು ನೋಡಲು ಈ ಸಲ ಶಿವಣ್ಣನನ್ನು ಕರೆದರು. ಆ ಮನೆಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ನಾನು ಕೊಡುತ್ತಿದ್ದ ಸಲಹೆಯ ಮೇಲೇ ನಿಂತಿತ್ತು.

ನಾಚಿಕೆ ಬಿಟ್ಟು, ನಮಗೆ ಪರೀಕ್ಷೆ ಕೊಟ್ಟಿದ್ದ ತರಬೇತುದಾರರ ಬಳಿ ಹೋದೆ. ಅವರು ನಕ್ಕುಬಿಟ್ಟರು. “ಅಲ್ರೀ, ಎರಡೂ ಬೇರೆ ಬೇರೆ ಪರೀಕ್ಷೆ. ನಿಮ್ಮನ್ನ ಡಿಗ್ರಿ ಆದೋರ ಜೊತೆ ಹೋಲಿಸಿದ್ದು. ಸೊರಬದಾಗೆ ಕೊಟ್ಟಿದ್ದು ಹೈಸ್ಕೂಲ್ ಮಕ್ಕಳ ಪರೀಕ್ಷೆ. ಆ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡ್ತಾರೇನ್ರೀ?” ಎಂದು ಸೊರಬದ ಪ್ರಶ್ನೆಗಳನ್ನೇ ನನ್ನ ಮುಂದಿಟ್ಟರು. ಬರೆದೆ. ನೂರಿಪ್ಪತ್ತಾರು! ಅಬ್ಬಾ, ಹೋದ ಜೀವ ಬಂದಂತಾಯಿತು.

ಅಲ್ಲಿಂದಲೇ ಶಿರಾಳಕೊಪ್ಪದ ಬಸ್ಸು ಹತ್ತಿದೆ. “ಮಾವಾ, ಹಿಂದೆ ಭತ್ತ ಅಳೀತಿದ್ದ ಕೊಳಗ ಸೊರಬದಲ್ಲೂ ಶಿಕಾರಿಪುರದಲ್ಲೂ ಒಂದೇ ಇತ್ತಾ?” ಎಂದೆ.

“ಎಲ್ಲಿಂದ ಬಂತು! ಊರಿಗೊಂದು ಕೊಳಗ. ಯಾವೂರ ಕೊಳಗ ಅಂತ ಕೇಳ್ದೆ ನಮ್ಮಪ್ಪ ಒಂದು ಹಿಡಿ ಭತ್ತ ಅಳೆಸಿಕೊಂಡೋರಲ್ಲ.”

“ಮತ್ತೆ ಅಳಿಯಂದಿರನ್ನ ಮಾತ್ರ ಕೇಳದೇ ಅಳೆದುಬಿಟ್ರಲ್ಲ?”

ನಡೆದದ್ದನ್ನೆಲ್ಲ ಹೇಳಿದೆ. ಮಾವನವರು ತೊಡೆ ತಟ್ಟಿಕೊಂಡು ನಕ್ಕರು. “ಹೌದಲ್ರೀ! ನಾಳೆ ಗಂಡು ನೋಡಾಕೆ ನೀವೂ ಬರ್ರಿ ಮತ್ತೆ.”

ಗೆದ್ದ ಹುರುಪಿನಲ್ಲಿ ಮನೆಗೆ ಬಂದು ಗಿರಿಜೆಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಮಕ್ಕಳ ಪಕ್ಕ ನಿಲ್ಲಿಸಿದ್ರೆ ಮಾತ್ರ ನೀವಿಬ್ರೂ ಜಾಣರು ಅನ್ನಿ” ಎಂದಳು. ಅನ್ನಲಿ ಬಿಡಿ. ನಾನು ಪಾಠ ಮಾಡುವುದು ಹೈಸ್ಕೂಲಿನಲ್ಲೇ, ಆ ಮಕ್ಕಳಿಗಿಂತ ಜಾಣನಾಗಿದ್ದರೆ ಸಾಕು. ಆದರೆ ದಿನವೂ ತರಗತಿಯಲ್ಲಿ ಅವರ ಪ್ರಶ್ನೆಗಳಿಗೆ ತಡವರಿಸಿ ಬರುವವನಾದ್ದರಿಂದ, ಆ ನೂರಿಪ್ಪತ್ತಾರರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ.