‘ಇಲ್ಲ’ ಅನ್ನುತ್ತಿದ್ದ ಡಾಕ್ಟರು

ಒಳ್ಳೆಯ ಮನುಷ್ಯನನ್ನು ಕೆಡಿಸಲು ವೈರಿಗಳೇ ಬೇಕೆಂದಿಲ್ಲ, ನನ್ನಂಥ ಹಿತೈಷಿ ಒಬ್ಬ ಸಾಕು. ನಾನು ಕೆಡಿಸಿದ್ದು ರೋಣದ ನಮ್ಮ ಡಾಕ್ಟರನ್ನು. ಅವರ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಂಪೌಂಡರ್ ಆಗಿದ್ದೆ. ಅವರ ಔಷಧಿಗಿಂತ ಬಾಯಿ ಕಹಿ. “ಸೂಜಿ ಮಾಡ್ರಿ” ಎಂದು ಗೋಗರೆದವರಿಗೆ, “ಬೇಕಾಗಿಲ್ಲ, ಏಳು” ಅನ್ನುವರು. ಜಡ್ಡು ದೊಡ್ಡದಿದ್ದರೆ ಮುಖಕ್ಕೇ ಹೇಳುವರು: “ಇದು ನನ್ನ ಕೈಯಾಗಿಲ್ಲ. ಇವತ್ತ ಹುಬ್ಬಳ್ಳಿಗೆ ಒಯ್ರಿ.” ಜನ ಬೈದುಕೊಂಡೇ ಹುಬ್ಬಳ್ಳಿಗೆ ಹೋಗಿ, ಬದುಕಿ ಬಂದು, ಹೆಸರುಕಾಳು ತಂದುಕೊಡುತ್ತಿದ್ದರು. ಅದರಲ್ಲಿ ಅರ್ಧ ನನ್ನ ಮನೆಗೇ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಇಂಥವರು ಚುನಾವಣೆಗೆ ನಿಂತರು. ಮೊದಲ ಪ್ರಚಾರ ನನ್ನ ಹೆಂಡತಿಯ ತವರು ಜಕ್ಕಲಿಯಲ್ಲಿ. ರಸ್ತೆ ಕೇಳಿದ ಹಿರಿಯರಿಗೆ, “ಒಂದು ವರ್ಷದಾಗ ಆಗೂದಿಲ್ಲ” ಎಂದುಬಿಟ್ಟರು. ಜನ ಎದ್ದು ಹೋದರು. ವಾಪಸ್ ಬರುವಾಗ ಜೀಪಿನಲ್ಲಿ ನಾನು ಪಾಠ ಶುರು ಮಾಡಿದೆ.

“ಸಾಹೇಬ್ರ, ಇಲ್ಲ ಅನ್ನೂದು ದವಾಖಾನ್ಯಾಗ ಇರ್ಲಿ. ಇಲ್ಲಿ ‘ಆಗ್ತೈತಿ, ನಾ ಅದೀನಿ’ ಅನ್ರಿ.”

“ಸುಳ್ಳ ಹೇಳ್ಲೇನೋ?”

“ಸುಳ್ಳಲ್ರಿ, ಧೈರ್ಯ.”

ಕನ್ನಡಿ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ಹೆಗಲ ಮೇಲೆ ಕೈ ಇಡುವುದನ್ನೂ ಕಲಿಸಿದೆ. ಮತ್ತೆ ಜಕ್ಕಲಿಗೆ ಹೋಗಿ, ರಸ್ತೆ ಕೇಳಿದವರಿಗೆ “ಆಗ್ತೈತಿ, ನಾ ಅದೀನಿ” ಅಂದರು. ಗೆದ್ದರು. ಜಕ್ಕಲಿಯ ರಸ್ತೆ ಮಾತ್ರ ಇಂದಿಗೂ ಹಾಗೇ ಇದೆ.

ಹೋದ ತಿಂಗಳು ನನ್ನ ಹೆಂಡತಿ ಶಾಂತವ್ವನ ಎದೆಯಲ್ಲಿ ಗಂಟು ಕಾಣಿಸಿತು. ಗಜೇಂದ್ರಗಡದಲ್ಲಿ ಸ್ಕ್ಯಾನಿಂಗ್ ಆಯಿತು. “ಯಾರರ ಏನರ ಅನ್ಲಿ, ಜಡ್ಡಿನ ಮಾತಿನ್ಯಾಗ ನಮ್ಮ ಡಾಕ್ಟ್ರು ಖರೇ ಹೇಳ್ತಾರ. ರಿಪೋರ್ಟ್ ಅವರಿಗೆ ತೋರಿಸಿ ಬರ್ರಿ” ಎಂದು ಕಳಿಸಿದಳು.

ಹೋದೆ. ರೋಗಿಗಳನ್ನು ಮಲಗಿಸುತ್ತಿದ್ದ ಮಂಚದ ಮೇಲೆ ಹಾರಗಳ ರಾಶಿ. ಒಂದು ಕಾಲಕ್ಕೆ ಇಂಥ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದುತ್ತಿದ್ದವರು, ಲಕೋಟೆ ಬಿಚ್ಚದೆಯೇ ಮನವಿ ಪತ್ರಗಳ ಮೇಲಿಟ್ಟು, ನನ್ನ ಹೆಗಲ ಮೇಲೆ ಕೈ ಹಾಕಿ, “ಆಗ್ತೈತಿ, ನಾ ಅದೀನಿ” ಅಂದರು. ಮೈಯೆಲ್ಲ ಉರಿಯಿತು. ಆದರೂ ಕೈ ಮುಗಿದೆ. ಇಪ್ಪತ್ತೆರಡು ವರ್ಷದ ರೂಢಿ ನೋಡಿ. ಲಕೋಟೆಯನ್ನು ನಾನೇ ಎತ್ತಿಕೊಂಡು ಹೊರಬಂದೆ. ಮೆಟ್ಟಿಲ ಮೇಲೆ ಕೂತು ನಾನೇ ಓದಿದೆ. ಅಷ್ಟು ಓದಲು ಕಂಪೌಂಡರನಿಗೆ ಬರುತ್ತದೆ. ಬಾರದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಶಾಂತವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಏನಂದ್ರು?” ಎಂದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ.

“ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ಆಗ್ತೈತಿ, ನಾ ಅದೀನಿ.”

ಎಷ್ಟು ಸಲೀಸಾಗಿ ಬಂತು ಮಾತು! ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

“ನನ್ನ ತವರಿನ ರಸ್ತೆಗೂ ಡಾಕ್ಟ್ರು ಹಿಂಗ ಅಂದಿದ್ರಲ್ರಿ,” ಅಂದಳು.