ಖಾಲಿಯಾಗಿ ಬರುತ್ತಿದ್ದ ನನ್ನ ಪಥ್ಯದ ಡಬ್ಬಿ

ಮೂರು ತಿಂಗಳಲ್ಲಿ ನನ್ನ ಸಕ್ಕರೆ ಕಾಯಿಲೆಯನ್ನು ಯಾದಗಿರಿ ಜಿಲ್ಲೆಯಿಂದಲೇ ಗಡಿಪಾರು ಮಾಡುತ್ತೇನೆಂದು ಹೆಂಡತಿ ಮಹಾದೇವಿಯ ಸಮಕ್ಷಮದಲ್ಲಿ ಘೋಷಿಸಿದೆ. "ಈ ಸಲ ಇಳೀಲಿಲ್ಲಂದ್ರ ದಿನಾ ಸೂಜಿ ನೋಡ್ರಿ" ಎಂದು ಡಾಕ್ಟರು ಹೇಳಿದ್ದರು. ಇದೇ ಕಾಯಿಲೆಯಿಂದ ನಮ್ಮಣ್ಣನ ಕಣ್ಣು ಮಂಜಾದದ್ದನ್ನು ನೋಡಿದ್ದೆ. ನಿಜಕ್ಕೂ ಹೆದರಿದ್ದೆ.

ಮರುದಿನವೇ ಡಬ್ಬಿ ಸಿದ್ಧ! ಎರಡು ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು, ಪುಂಡಿಪಲ್ಯ, ಸೌತೆಕಾಯಿ. ಎಣ್ಣೆ ಎಂಬ ಪದಾರ್ಥ ದೂರದಿಂದ ಇಣುಕಿ ಹೋಗಿತ್ತು, ಅಷ್ಟೆ.

ನಮ್ಮ ಆಫೀಸಿನಲ್ಲಿ ಒಬ್ಬೊಬ್ಬರೇ ಉಣ್ಣುವ ಪದ್ಧತಿ ಇಲ್ಲ. ಹಳೆ ಪೇಪರು ಹಾಸಿ, ಆರೂ ಜನರ ಡಬ್ಬಿ ನಡುವೆ ಇಟ್ಟರೆ ಎಲ್ಲರ ಕೈ ಎಲ್ಲ ಡಬ್ಬಿಗೆ! ನಾನು ನಿಂತುಕೊಂಡೇ ಭಾಷಣ ಶುರುಮಾಡಿದೆ: "ನಲವತ್ತು ದಾಟಿದ ಗಂಡಸರ ವೈರಿ ಯಾರು? ಮಧ್ಯಾಹ್ನದ ಊಟ!" ಮುಗಿಸಿ ಕೂತಾಗ ನನ್ನ ಡಬ್ಬಿಯಲ್ಲಿ ಸೌತೆಕಾಯಿಯ ಒಂದೇ ಹೋಳು ಉಳಿದಿತ್ತು.

"ಭಾರಿ ಆಗೇದ್ರಿ ಪಲ್ಯ!" ಎಂದರು ಬಳಿಚಕ್ರವೆಂಬ ಹಳ್ಳಿಯಿಂದ ದಿನಾ ಆಫೀಸಿಗೆ ಓಡಾಡುವ ಹಿರಿಯ ಗುಮಾಸ್ತ ಶರಣಪ್ಪ. "ನಿಮ್ಮನ್ನ ಉಪಾಸ ಕೆಡವತೀವೇನ್ರಿ? ತಗೋರಿ." ತುಪ್ಪ ಸುರಿದ ಹೋಳಿಗೆ, ಎರಡು ಮಿರ್ಚಿ ಭಜಿ ನನ್ನ ಮುಂದೆ ಬಂದವು.

"ನನಗ ಸಕ್ಕರಿ ಅದರಿ..."

"ನನಗೂ ಅದರಿ! ತಿನ್ರಿ, ಒಲ್ಲೆ ಅಂದ್ರ ನಮ್ಮಾಕಿ ಸಿಟ್ಟಾಗತಾಳ."

ಇನ್ನೊಬ್ಬರ ಮನೆಯ ಹೆಣ್ಣುಮಗಳ ಮನಸ್ಸು ನೋಯಿಸುವವನು ನಾನಲ್ಲ. ತಿಂದೆ. ಬೆರಳೂ ನೆಕ್ಕಿದೆ.

ಸಂಜೆ ಡಬ್ಬಿ ತೆರೆದ ಮಹಾದೇವಿ ಹಿಗ್ಗಿ ಹೋದಳು. "ಎಲ್ಲಾ ಖಾಲಿ ಆಗೇದಲ್ರಿ!"

"ಒಂದ ಕಾಳೂ ಉಳದಿಲ್ಲ ನೋಡು" ಎಂದೆ. ಸುಳ್ಳೇನಲ್ಲವಲ್ಲ!

ಮರುದಿನ ನಾಲ್ಕು ರೊಟ್ಟಿ. ಅವೂ ಮಾಯ. ವಾರದೊಳಗೆ ಹತ್ತು! ನಸುಕಿನಲ್ಲೆದ್ದು ರೊಟ್ಟಿ ಬಡಿಯುತ್ತಿದ್ದವಳು "ನಮ್ಮ ಮನಿಯವರು ಪಥ್ಯ ಭಾಳ ಛಲೋ ಮಾಡಾಕತ್ತಾರ" ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ನಾನು ಹೊಟ್ಟೆ ಒಳಗೆಳೆದುಕೊಂಡು ಓಡಾಡಿದೆ.

ಮೂರು ತಿಂಗಳು ಮುಗಿದವು. ಹುಮ್ಮಸ್ಸಿನಲ್ಲಿ ಶರಣಪ್ಪನವರನ್ನೂ ಕರೆದೊಯ್ದು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆ. ಅವರ ಸಕ್ಕರೆ ಇಳಿದಿತ್ತು! ನನ್ನದು ಏರಿತ್ತು! ಡಾಕ್ಟರು ಎರಡೂ ಚೀಟಿ ನೋಡಿ, "ಇವ್ರು ಏನ್ ಉಣ್ತಾರ, ನೀವೂ ಅದನ್ನ ಉಣ್ರಿ. ಇನ್ನೊಂದ ತಿಂಗಳು ನೋಡ್ತೀನಿ, ಆಮ್ಯಾಲ ಸೂಜಿನೇ" ಎಂದರು.

ಶರಣಪ್ಪ ನೆಟ್ಟಗೆ ನಮ್ಮ ಮನೆಗೆ ಬಂದು ಮಹಾದೇವಿಗೆ ಕೈ ಮುಗಿದರು. "ಅಕ್ಕಾರ, ನಿಮ್ಮ ರೊಟ್ಟಿಯಿಂದ ನಾ ಬದುಕೀನ್ರಿ!"

"ಮತ್ತ ಇವರು ಏನ್ ತಿಂತಿದ್ರು?"

"ನಮ್ಮ ಹೋಳಿಗಿ, ಭಜಿರಿ. ಪಾಪ, ಒಂದಿನಾನೂ ಒಲ್ಲೆ ಅನ್ಲಿಲ್ರಿ!"

ಮಹಾದೇವಿ ನನ್ನತ್ತ ತಿರುಗಿದಳು. "ನಸಕಿನಾಗ ಎದ್ದು ನಾ ರೊಟ್ಟಿ ಬಡದದ್ದು ಯಾರಿಗ್ರಿ?" ಆಕೆಯ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಈಗ ಮಧ್ಯಾಹ್ನ ಸುಡು ಬಿಸಿಲಲ್ಲಿ ನಡೆದೇ ಮನೆಗೆ ಬಂದು, ಆಕೆಯ ಕಣ್ಣೆದುರು ಎರಡು ರೊಟ್ಟಿ ಉಣ್ಣುತ್ತೇನೆ. ಶರಣಪ್ಪನವರ ಜೀವದ ಪ್ರಶ್ನೆಯಾದ್ದರಿಂದ ಆಫೀಸಿನ ಡಬ್ಬಿಯನ್ನು ಆಕೆ ನಿಲ್ಲಿಸಿಲ್ಲ. ಬೆಳಿಗ್ಗೆ ಹೊರುವವನು ನಾನೇ!

ಮೊನ್ನೆ ಜ್ವರ ಬಂದು ರಜೆ ಹಾಕಿದ್ದೆ. ಹನ್ನೊಂದಕ್ಕೇ ಶರಣಪ್ಪನವರ ಫೋನು! ಎಂಥ ಅಂತಃಕರಣವೆಂದು ಹಾಸಿಗೆಯಲ್ಲೇ ಎದ್ದು ಕೂತೆ.

"ಜ್ವರ ಬಂದಾವ್ರಿ" ಎಂದೆ.

"ಅಯ್ಯ, ಮಲಕೋರಿ, ಮಲಕೋರಿ. ಡಬ್ಬಿ ಯಾರ ಕೈಯಾಗ ಕಳಸ್ತೀರಿ?"